ಆ 0.05 ಎಲ್ಲಿಂದ ಬಂತು ಎಂದು ಕೇಳಿದವರಿಗೆ

ರಾಸಾಯನಿಕ ರಿಯಾಕ್ಟರ್ ವಿನ್ಯಾಸ ಮತ್ತು ಮಾಡೆಲಿಂಗ್ ಕೋರ್ಸಿನ ಕೊನೆಯ ವರದಿಗೆ ಸಹಿ ಬಿದ್ದಿದೆ, ಮೌಖಿಕ ಪರೀಕ್ಷೆಯೂ ಮುಗಿದಿದೆ. ವರದಿಯಲ್ಲಿ ಕೃತಜ್ಞತೆಗೆ ಸಿಗುವುದು ನಾಲ್ಕು ಸಾಲು. 'ಸಹಕರಿಸಿದ ಎಲ್ಲರಿಗೂ' ಎಂದು ಬರೆದರೆ ಆ ಜಾಗ ತುಂಬಿಹೋಗುತ್ತದೆ. ಯಾರು ಯಾವುದಕ್ಕೆ ಸಹಕರಿಸಿದರು ಎಂಬುದು ಹೊರಗೇ ಉಳಿಯುತ್ತದೆ. ಅದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲನೆಯದು ಪ್ರಯೋಗಾಲಯದ ಸಹಾಯಕರಿಗೆ. ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಈಥೈಲ್ ಅಸಿಟೇಟ್ ಬೆರೆಸಿ ದರ ಸ್ಥಿರಾಂಕ (ಕ್ರಿಯೆಯ ವೇಗ ಹೇಳುವ ಸಂಖ್ಯೆ) ಕಂಡುಹಿಡಿಯುವ ಪ್ರಯೋಗಕ್ಕೆ ಕೈಪಿಡಿ ಕೊಡುವುದು ಅರ್ಧ ಪುಟ. ಒಂದು ಲೀಟರ್ ದ್ರಾವಣಕ್ಕೆ 4 ಗ್ರಾಂ ಕ್ಷಾರ, ಇನ್ನೊಂದು ಲೀಟರಿಗೆ 9.8 ಮಿಲಿಲೀಟರ್ ಎಸ್ಟರ್ (ಈಥೈಲ್ ಅಸಿಟೇಟ್), ಎರಡೂ 0.1 ಮೋಲಾರ್ (ಲೀಟರಿಗೆ 0.1 ಮೋಲ್), ಮುಗಿಯಿತು. ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸದಿದ್ದರೆ ಅದರಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಕ್ಷಾರದ ಒಂದು ಪಾಲನ್ನು ತಿಂದುಹಾಕುತ್ತದೆ ಎಂಬುದು ಅಲ್ಲಿಲ್ಲ. ಎಸ್ಟರ್ ದ್ರಾವಣಕ್ಕೆ ಮುಚ್ಚಳವಿಲ್ಲದಿದ್ದರೆ ಎಸ್ಟರ್ ಆವಿಯಾಗುತ್ತದೆ, ದಿನಗಟ್ಟಲೆ ಇಟ್ಟರೆ ತಾನಾಗಿಯೇ ಒಡೆಯುತ್ತದೆ ಎಂಬುದೂ ಇಲ್ಲ. ಎರಡನ್ನೂ ಅಂದಂದೇ ತಯಾರಿಸಿ, ಕ್ಷಾರವನ್ನು ಟೈಟ್ರೇಟ್ ಮಾಡಿ, ಬಾಟಲಿಯ ಮೇಲೆ ಗಂಟೆ ಸಮೇತ ಬರೆಯಿಸುವ ಅವರ ಹಟ ಇಲ್ಲದಿದ್ದರೆ 25 ಡಿಗ್ರಿಯಲ್ಲಿ ಸೆಕೆಂಡಿಗೆ ಪ್ರತಿ ಮೋಲಿಗೆ 0.11 ಲೀಟರ್ ಆಸುಪಾಸು ಬರಬೇಕಾದ ಸ್ಥಿರಾಂಕ ಎಲ್ಲೆಲ್ಲೋ ಹೋಗಿ ನಿಲ್ಲುತ್ತದೆ.

ವಾಹಕತೆಯ ಮೀಟರಿನಲ್ಲಿರುವ ತಾಪಮಾನ ಸರಿದೂಗಿಸುವ ಆಯ್ಕೆಯನ್ನು ಆಫ್ ಮಾಡಲು ಹೇಳಿದವರೂ ಅವರೇ. ಹೈಡ್ರಾಕ್ಸೈಡ್ ಅಯಾನಿನ ಮೋಲಾರ್ ವಾಹಕತೆ 198ರ ಹತ್ತಿರ, ಅಸಿಟೇಟಿನದು 41. ಒಂದರ ಜಾಗಕ್ಕೆ ಇನ್ನೊಂದು ಬಂದಾಗ ಮೀಟರ್ ಇಳಿಯುವುದೇ ಇಡೀ ಅಳತೆಯ ಆಧಾರ. ಮೀಟರ್ ತನ್ನ ಪಾಡಿಗೆ ಡಿಗ್ರಿಗೆ ಸುಮಾರು 2 ಪ್ರತಿಶತ ತಿದ್ದುತ್ತ ಕೂತರೆ ಆ ಇಳಿತದಲ್ಲಿ ಕ್ರಿಯೆಯ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂದು ಬೇರ್ಪಡಿಸಲು ಆಗದು. ತಿದ್ದುಪಡಿ ಬೇಡ, ಪ್ರತಿ ತಾಪಮಾನದಲ್ಲೂ 0.05 ಮೋಲಾರ್ ಕ್ಷಾರದ ವಾಹಕತೆ ಒಂದು ತುದಿ, 0.05 ಮೋಲಾರ್ ಸೋಡಿಯಂ ಅಸಿಟೇಟಿನದು ಇನ್ನೊಂದು ತುದಿ. ನಡುವಿನ ಓದನ್ನು ಈ ಎರಡರ ಮಧ್ಯೆ ಇಟ್ಟರೆ ಪರಿವರ್ತನೆ, ಅಂದರೆ ವಸ್ತುವಿನ ಎಷ್ಟು ಪಾಲು ಕ್ರಿಯೆ ಹೊಂದಿತು ಎಂಬುದು, ಸಿಗುತ್ತದೆ. ನೀರಿನ ಸ್ನಾನವನ್ನು ಸ್ಥಿರವಾಗಿಡುವುದು ಇದಕ್ಕಿಂತ ಮುಖ್ಯ: ಸಕ್ರಿಯಗೊಳಿಸುವ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲಿಗೆ 47 ಕಿಲೋಜೌಲ್ ಇರುವ ಈ ಕ್ರಿಯೆಯಲ್ಲಿ 25ರ ಬದಲು 30 ಡಿಗ್ರಿ ಇದ್ದರೆ ದರ 37 ಪ್ರತಿಶತ ಏರಿಬಿಡುತ್ತದೆ.

ಇನ್ನು ತಲೆಬರಹದ ಪ್ರಶ್ನೆ. ಅದನ್ನು ಕೇಳಿದ ಅಧ್ಯಾಪಕರಿಗೆ ಎಷ್ಟು ವಂದಿಸಿದರೂ ಕಡಿಮೆಯೇ. 1 ಲೀಟರಿನ ಕಲಕು ತೊಟ್ಟಿಗೆ ಎರಡು ಪಂಪುಗಳು ನಿಮಿಷಕ್ಕೆ 50 ಮಿಲಿಲೀಟರಿನಂತೆ 0.1 ಮೋಲಾರ್ ದ್ರಾವಣಗಳನ್ನು ತರುತ್ತವೆ. ಒಟ್ಟು ಹರಿವು 100, ವಾಸದ ಅವಧಿ (ದ್ರವ ತೊಟ್ಟಿಯಲ್ಲಿ ಸರಾಸರಿ ಉಳಿಯುವ ಸಮಯ) 10 ನಿಮಿಷ. ಎರಡು ಹೊಳೆ ಕೂಡಿದ ಕ್ಷಣವೇ ಎರಡರ ಸಾಂದ್ರತೆಯೂ ಅರ್ಧವಾಗುತ್ತದೆ. ಸಮೀಕರಣಕ್ಕೆ ಹೋಗಬೇಕಾದ್ದು 0.05. ಆಗ ದರ ಸ್ಥಿರಾಂಕ, ಅವಧಿ, ಸಾಂದ್ರತೆಗಳ ಗುಣಲಬ್ಧ 3.3, ತೊಟ್ಟಿಯ ಪರಿವರ್ತನೆ 58 ಪ್ರತಿಶತ. ಬಾಟಲಿಯ ಮೇಲಿನ 0.1 ಹಾಗೇ ಇಳಿಸಿದರೆ ಉತ್ತರ 68. ಆಮೇಲೆ ಆ ಹತ್ತು ಪ್ರತಿಶತಕ್ಕೆ ಕಲಕುವಿಕೆ ಸಾಲದು, ಮೂಲೆಯಲ್ಲಿ ನೀರು ನಿಂತಿದೆ ಎಂದು ಇಲ್ಲದ ಕಾರಣಗಳು ಹುಟ್ಟಿಕೊಳ್ಳುತ್ತವೆ. ವರದಿಗಳಲ್ಲಿ ಕಾಣುವ 'ಆದರ್ಶವಲ್ಲದ ಹರಿವು' ಎಷ್ಟೋ ಸಲ ಇಂಥ ಲೆಕ್ಕದ ತಪ್ಪೇ. ಅಂದಹಾಗೆ, ಅದೇ 3.3ಕ್ಕೆ ಕೊಳವೆ ರಿಯಾಕ್ಟರ್ ಕೊಡುವುದು 77 ಪ್ರತಿಶತ. 58ರ ಪಕ್ಕದಲ್ಲಿ ಈ 77 ಇಟ್ಟು ನೋಡಿದರೆ ತೊಟ್ಟಿ ಇಡೀ ಸಮಯ ನಿರ್ಗಮನದ ಸಾಂದ್ರತೆಯಲ್ಲೇ ಕೆಲಸ ಮಾಡುತ್ತದೆ ಎಂಬ ಮಾತು ಬಾಯಿಪಾಠವಾಗಿ ಉಳಿಯುವುದಿಲ್ಲ.

ಪಂಪಿನ ರಬ್ಬರ್ ಕೊಳವೆ ಹಿಗ್ಗಿ ಹರಿವು ಇಳಿಯುತ್ತದೆ ಎಂದು ಓಟದ ಮೊದಲೂ ಕೊನೆಗೂ ಅಳತೆ ಜಾಡಿ, ಸ್ಟಾಪ್‌ವಾಚ್ ಹಿಡಿದು ಅಳೆದವರಿಗೂ ನಮನ. ಒಂದು ಪಂಪ್ ಮಾತ್ರ ಸೋತರೆ ಕೆಡುವುದು ಅವಧಿಯೊಂದೇ ಅಲ್ಲ. ಬೆರೆತ ಸಾಂದ್ರತೆಯೂ ಬದಲಾಗಿ, ಎರಡು ವಸ್ತುಗಳು ಸಮ ಎಂಬ ಊಹೆಯೇ ಬೀಳುತ್ತದೆ.

ಹರಿವಿನ ಜಾಡು ಹಿಡಿಯಲು ಉಪ್ಪು ಚುಚ್ಚಿ ನೋಡುವ ಟ್ರೇಸರ್ ಪ್ರಯೋಗದಲ್ಲಿ ರೆಕಾರ್ಡರ್ ನಿಲ್ಲಿಸಲು ಬಿಡದೆ ಕಾದವರಿಗೆ ಪ್ರತ್ಯೇಕ ಧನ್ಯವಾದ. ವಾಸದ ಅವಧಿಯ ಹಂಚಿಕೆಯನ್ನು (ಯಾವ ಪಾಲು ಎಷ್ಟು ಹೊತ್ತು ಒಳಗಿರುತ್ತದೆ ಎಂಬುದನ್ನು) ರಾಸಾಯನಿಕ ಎಂಜಿನಿಯರ್ ಡ್ಯಾಂಕ್‌ವರ್ಟ್ಸ್ 1953ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಅದರ ಗಣಿತ ಸರಳ, ಬೇಕಾದ ತಾಳ್ಮೆ ಮಾತ್ರ ಕಷ್ಟದ್ದು. ಪೊಟ್ಯಾಸಿಯಂ ಕ್ಲೋರೈಡ್ ಒಮ್ಮೆಲೇ ಚುಚ್ಚಿದ ಮೇಲೆ ವಕ್ರರೇಖೆ ಬೇಗ ಏರಿ, ನಿಧಾನವಾಗಿ ಸಾಯುತ್ತದೆ. 10 ನಿಮಿಷದ ಆದರ್ಶ ತೊಟ್ಟಿಯಲ್ಲಿ 20ನೇ ನಿಮಿಷಕ್ಕೆ ಓದು ನಿಲ್ಲಿಸಿದರೆ ಸರಾಸರಿ ಅವಧಿ 6.9 ನಿಮಿಷ ಎಂದು ಬರುತ್ತದೆ. ಅಂದರೆ ತೊಟ್ಟಿಯ 31 ಪ್ರತಿಶತ ಹರಿವಿಲ್ಲದ, ಸತ್ತ ಜಾಗ! ಸತ್ತದ್ದು ಜಾಗವಲ್ಲ, ಕತ್ತರಿಸಿದ ಬಾಲ. 50 ನಿಮಿಷ ಕಾದರೆ ಅದೇ ಲೆಕ್ಕ 9.7 ಕೊಡುತ್ತದೆ. ಉಪ್ಪನ್ನು ತೀರಾ ಗಟ್ಟಿಯಾಗಿ ಕರಗಿಸಿದರೆ ಅದು ತಳಕ್ಕೆ ಜಾರುತ್ತದೆ, ಅಡಿರೇಖೆ ಸ್ವಲ್ಪ ಸರಿದಿದ್ದರೂ ಉದ್ದ ಬಾಲದಲ್ಲಿ ಆ ತಪ್ಪು ಸಮಯದಿಂದ ಗುಣಿಸಿಕೊಂಡು ಬೆಳೆಯುತ್ತದೆ. ಎರಡನ್ನೂ ಮೊದಲೇ ಎಚ್ಚರಿಸಿದ ಹಿರಿಯ ವಿದ್ಯಾರ್ಥಿಗಳಿಗೆ ಋಣಿಗಳು.

ಶಾಖದ ಭಾಗಕ್ಕೆ ಬಂದರೆ, ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಕೊಟ್ಟ ಒಂದೇ ಉತ್ತರವನ್ನು ಒಪ್ಪದೆ 'ಎರಡೂ ರೇಖೆ ಬರೆದು ತನ್ನಿ' ಎಂದ ಮಾರ್ಗದರ್ಶಕರನ್ನು ನೆನೆಯಲೇಬೇಕು. ಸಂಶೋಧಕ ವ್ಯಾನ್ ಹೀರ್ಡನ್ 1953ರಲ್ಲೇ ತೋರಿಸಿದ ಚಿತ್ರ ಅದು: ಶಾಖ ಹುಟ್ಟುವ ರೇಖೆ ಎಸ್ ಆಕಾರ, ಹೊರಹೋಗುವ ರೇಖೆ ನೇರ, ಎರಡೂ ಮೂರು ಕಡೆ ಸಂಧಿಸಬಹುದು. ಸಾಲ್ವರ್ ಆರಂಭದ ಊಹೆಗೆ ತಕ್ಕಂತೆ ಒಂದನ್ನು ಹಿಡಿದು ಸುಮ್ಮನಾಗುತ್ತದೆ. ಅದು ನಡುವಿನದಾದರೆ ಆ ತಾಪಮಾನದಲ್ಲಿ ರಿಯಾಕ್ಟರ್ ತಾನಾಗಿ ನಿಲ್ಲುವುದಿಲ್ಲ. ಹೊರಹೋಗುವ ರೇಖೆಯ ಇಳಿಜಾರು ಹೆಚ್ಚಿದ್ದರೆ ಸಾಕು ಎಂದು ನಂಬುವುದೂ ಅರ್ಧ ಸತ್ಯ, ಆ ಷರತ್ತು ದಾಟಿದ ಮೇಲೂ ತಾಪಮಾನ ಉಯ್ಯಾಲೆಯಾಡಬಹುದು. ಪಾತ್ರೆಯನ್ನು ಸುತ್ತುವರಿದು ತಣಿಸುವ ಜಾಕೆಟ್ ವಿಷಯದಲ್ಲಿ ಅವರು ಕೊಟ್ಟ ಅಂದಾಜು ನಮ್ಮ ವಿನ್ಯಾಸವನ್ನೇ ಬದಲಿಸಿತು: 350 ಕೆಲ್ವಿನ್‌ನಲ್ಲಿ, 80 ಕಿಲೋಜೌಲ್ ಸಕ್ರಿಯಗೊಳಿಸುವ ಶಕ್ತಿಯ ಕ್ರಿಯೆಗೆ, ದ್ರವ ಮತ್ತು ಜಾಕೆಟ್ ನಡುವಿನ ಅಂತರ ಸುಮಾರು 13 ಕೆಲ್ವಿನ್ ಮೀರಿದರೆ ತಾಪಮಾನ ಹಿಡಿತ ತಪ್ಪಿ ಏರುವ ಅಪಾಯ. ಆಕಾರ ಬದಲಿಸದೆ 1 ಲೀಟರಿನ ಪಾತ್ರೆಯನ್ನು 1000 ಲೀಟರಿಗೆ ಹಿಗ್ಗಿಸಿದರೆ ಗಾತ್ರ ಸಾವಿರ ಪಟ್ಟು, ಗೋಡೆ ನೂರೇ ಪಟ್ಟು. ಸಣ್ಣ ಪಾತ್ರೆಯಲ್ಲಿ ತಣ್ಣಗಿದ್ದದ್ದು ದೊಡ್ಡದರಲ್ಲೂ ತಣ್ಣಗಿರುತ್ತದೆ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಕೋಡ್ ಓದಿ ತಪ್ಪು ಹುಡುಕಿದವರು ಕಡೆಯವರಲ್ಲ. ಶಕ್ತಿ 47 ಕಿಲೋಜೌಲಿನಲ್ಲಿ, ಅನಿಲ ಸ್ಥಿರಾಂಕ 8.314 ಜೌಲಿನಲ್ಲಿ ಇದ್ದರೆ ಘಾತ 19ರ ಬದಲು 0.019 ಆಗುತ್ತದೆ. ಪ್ರೋಗ್ರಾಂ ಗೊಣಗುವುದಿಲ್ಲ, ಪರಿವರ್ತನೆ 100 ಎಂದು ತೋರಿಸಿ ನಿಲ್ಲುತ್ತದೆ. ಇಂಥದ್ದಕ್ಕೆ ಅವರು ಇಟ್ಟುಕೊಂಡ ಪರೀಕ್ಷೆಗಳು ಎರಡು. ಕ್ರಿಯಾಶಾಖ ಸೊನ್ನೆ ಮಾಡಿ, ಜಾಕೆಟನ್ನು ಒಳಹರಿವಿನ ತಾಪಮಾನದಲ್ಲೇ ಇಟ್ಟರೆ ತಾಪಮಾನದ ರೇಖೆ ಸಪಾಟಾಗಬೇಕು. ಜಾಕೆಟ್ ತೆಗೆದು, ಉಷ್ಣಧಾರಕತೆ ಸ್ಥಿರ ಇಟ್ಟು ಓಡಿಸಿದರೆ ಪರಿವರ್ತನೆಗೆ ಎದುರು ತಾಪಮಾನ ಸರಳರೇಖೆಯಾಗಬೇಕು. ಓಟ ಗಂಟೆಗಟ್ಟಲೆ ತೆವಳಿದಾಗ ಹೆಜ್ಜೆ ಇನ್ನೂ ಕಿರಿದು ಮಾಡುವ ಬದಲು ರುಂಗೆ-ಕುಟ್ಟ ಎಂಬ ಲೆಕ್ಕದ ವಿಧಾನ ಬಿಟ್ಟು ಬಿಗಿ ಸಮೀಕರಣಗಳಿಗೆ (ತೀರಾ ವೇಗದ, ತೀರಾ ನಿಧಾನದ ಬದಲಾವಣೆಗಳು ಒಟ್ಟಿಗಿರುವಂಥವುಗಳಿಗೆ) ಹೇಳಿ ಮಾಡಿಸಿದ ಇಂಪ್ಲಿಸಿಟ್ ವಿಧಾನಕ್ಕೆ ಬದಲಿಸಲು ಸೂಚಿಸಿದ್ದೂ ಅವರೇ.

ಗ್ರಂಥಾಲಯದವರಿಗೆ, ಗಾಜಿನ ಕೆಲಸದವರಿಗೆ, ರಾತ್ರಿ ಬೀಗ ಕಾದವರಿಗೆ ವಂದನೆ. ಮುಂದಿನ ತಂಡಕ್ಕೆ: ವಾಹಕತೆಯ ಪ್ರೋಬ್ ತೊಳೆದು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿಟ್ಟಿದ್ದೇವೆ, ಒಣಗಲು ಬಿಡಬೇಡಿ. ಪಂಪುಗಳ ಕೊಳವೆ ಹೊಸದು. ಅಳತೆಯ ಹಳೆಯ ಹಾಳೆ ಇನ್ನು ಅವುಗಳಿಗೆ ಹೊಂದುವುದಿಲ್ಲ, ಹೊಸದಾಗಿ ಅಳೆಯಿರಿ.