ಕ್ಯಾಂಟರ್‌ಬರಿಯ ಮೂರು ನಕಲುಗಳು

ಗೆಳೆಯಾ,

ಪುಸ್ತಕ ನಕಲು ಮಾಡುವುದು ಬರೀ ಕೈಕೆಲಸ, ಅದರಲ್ಲಿ ತಲೆ ಓಡಿಸುವುದೇನಿದೆ ಅಂತ ಕೇಳಿದ್ದೆಯಲ್ಲ, ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಕತೆ ಹೇಳ್ತೀನಿ ಕೇಳು.

ಆ ಊರಲ್ಲಿ ಆಗ ಎರಡು ದೊಡ್ಡ ಮಠಗಳಿದ್ದವು: ಕೋಟೆಯೊಳಗೆ ಕ್ರೈಸ್ಟ್ ಚರ್ಚ್, ಗೋಡೆಯಾಚೆ ಸೇಂಟ್ ಆಗಸ್ಟೀನ್. ಎರಡೂ ಕಡೆ ಸನ್ಯಾಸಿಗಳು ಪುಸ್ತಕ ಬರೆಯುತ್ತಿದ್ದರು. ಫ್ರಾನ್ಸಿನ ರೈಮ್ಸ್ ಸೀಮೆಯಲ್ಲಿ ತಯಾರಾಗಿದ್ದ, ಬೈಬಲಿನ ಕೀರ್ತನೆಗಳ ಪುಸ್ತಕವೊಂದು ಕ್ರಿ.ಶ. 1000ದ ಹೊತ್ತಿಗೆ ಕ್ಯಾಂಟರ್‌ಬರಿಗೆ ಬಂತು. ಈಗ ಅದು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿದೆ. ಚಿತ್ರಗಳಿಗೆ ಬಣ್ಣವಿಲ್ಲ, ಕಂದು ಮಸಿಯ ಗೆರೆಗಳಷ್ಟೆ. ಆದರೆ ಎಂಥ ತುಂಟ ಗೆರೆಗಳು! ‘ಕರ್ತನೇ, ಏಕೆ ನಿದ್ರಿಸುತ್ತೀ, ಏಳು’ ಎಂಬ ಸಾಲಿಗೆ ದೇವರನ್ನು ಮಂಚದ ಮೇಲೆ ಮಲಗಿಸಿಯೇಬಿಟ್ಟಿದ್ದಾರೆ.

ಮುಂದಿನ ಇನ್ನೂರು ವರ್ಷಗಳಲ್ಲಿ ಕ್ಯಾಂಟರ್‌ಬರಿಯವರು ಇದನ್ನು ಮೂರು ಸಲ ನಕಲಿಸಿದರು. ಮೊದಲನೆಯದಕ್ಕೆ ಬಣ್ಣದ ಮಸಿ ಬಂತು. ಕೀರ್ತನೆಗಳ ಲ್ಯಾಟಿನ್ ಅನುವಾದ ಒಂದೇ ಅಲ್ಲ, ಹಲವು ಪಾಠಗಳಿದ್ದವು; ಅದನ್ನೂ ಬಹುಪಾಲು ತಮ್ಮ ರೂಢಿಯ ‘ರೋಮನ್’ ಪಾಠಕ್ಕೆ ಬದಲಿಸಿಕೊಂಡರು. ಅದು ಮುಗಿಯಲೇ ಇಲ್ಲ.

ಎರಡನೆಯದು ನನ್ನ ಮೆಚ್ಚಿನದು, ಸುಮಾರು 1160ರದು. ಕೀರ್ತನೆಗಳ ಮೂರು ಲ್ಯಾಟಿನ್ ಪಾಠ ಅಕ್ಕಪಕ್ಕ, ಸಾಲುಗಳ ನಡುವೆ ಹಳೆಯ ಇಂಗ್ಲಿಷ್, ಫ್ರೆಂಚ್ ಅರ್ಥ. ಇಷ್ಟನ್ನೂ ಹಾಳೆಯೊಂದರಲ್ಲಿ ಕೂಡಿಸಲು ಗೆರೆ ಎಳೆಯುವಾಗಲೇ ಎಷ್ಟು ಲೆಕ್ಕ ಹಾಕಿರಬೇಕು, ಯೋಚಿಸು. ಹಾಳೆಯೆಂದರೆ ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು ಹೆರೆದ ಚರ್ಮ. ಕೆಡಿಸಿದರೆ ಇನ್ನೊಂದು ಸುಲಭಕ್ಕೆ ಸಿಗದು. ಅದಕ್ಕೇ ಒಂದು ಕೈಲಿ ಗರಿಯ ಲೇಖನಿ, ಇನ್ನೊಂದರಲ್ಲಿ ತಪ್ಪು ಹೆರೆಯುವ ಚಾಕು. ಕಡಿಮೆಯೆಂದರೂ ಹತ್ತು ಮಂದಿ ಬರೆದಿದ್ದಾರೆ.

ಕೊನೆಯಲ್ಲಿ ಲಿಪಿಕಾರ ಈಡ್ವಿನ್‌ನ ಪುಟ ತುಂಬುವ ಚಿತ್ರ. ಸುತ್ತಲೂ ಬರೆದಿರುವುದು: ಲಿಪಿಕಾರರ ರಾಜ ನಾನು, ನನ್ನ ಕೀರ್ತಿ ಅಳಿಯದು! ನಮ್ಮ ಓಲೆಗರಿಯವರು ‘ಕಂಡ ಹಾಗೆ ಬರೆದಿದ್ದೇನೆ, ದೋಷ ನನ್ನದಲ್ಲ’ ಎಂದು ಜಾರಿಕೊಳ್ಳುತ್ತಿದ್ದರು. ಈ ಗತ್ತು ಬೇರೆಯೇ. ಅದೇ ಪುಸ್ತಕದಲ್ಲಿ ಮಠದ ನೀರಿನ ಕೊಳವೆಗಳ ನಕ್ಷೆಯೂ ಇದೆ, ಮಾರಾಯ.

ಮೂರನೆಯದಕ್ಕೆ ಚಿನ್ನವನ್ನೇ ಬಳಿದರು. ಅದೂ ಅರ್ಧಕ್ಕೆ ನಿಂತು, 14ನೇ ಶತಮಾನದಲ್ಲಿ ಈಗಿನ ಸ್ಪೇನಿನ ಕ್ಯಾಟಲೋನಿಯದ ಕಲಾವಿದರು ಉಳಿದ ಚಿತ್ರಗಳನ್ನು ತಮ್ಮದೇ ಶೈಲಿಯಲ್ಲಿ ಮುಗಿಸಿದರು.

ಈಡ್ವಿನ್‌ನ ಪುಸ್ತಕ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿದೆ, ಅವರ ಜಾಲತಾಣದಲ್ಲೇ ನೋಡಬಹುದು. ಅವನ ಚಿತ್ರವಿರುವ 283ನೇ ಹಾಳೆಯ ಹಿಂಬದಿ ತೆರೆದು ನೋಡು, ಆಮೇಲೆ ಜಗಳಕ್ಕೆ ಬಾ.

ನಿನ್ನವ