ನಾಟ್‌ವೀಡ್: ಬರೀ ವಿಷದ ಕಥೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ನಾಟ್‌ವೀಡ್ ಕಳೆಯ ಬಗ್ಗೆ ಬಂದ ಬರಹ ಓದಿದೆ. ಮಣ್ಣಿಗೆ ವಿಷ ಕಕ್ಕಿ ಅಕ್ಕಪಕ್ಕದ ಗಿಡಗಳನ್ನೆಲ್ಲ ಕೊಲ್ಲುವ ರಾಕ್ಷಸ ಅಂತ ಅದನ್ನು ಕರೆದಿದ್ದೀರಿ. ನಾನು ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಈಚೆಗೆ ಐದು ತಿಂಗಳು ವೇಲ್ಸ್‌ನ ಸ್ವಾನ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಅವಳ ಹಿತ್ತಲಿನ ಬೇಲಿಯಾಚೆ ಈ ಗಿಡದ್ದೇ ಕಾಡು. ಬೆಳಗಿನ ಕಾಫಿ ಹಿಡಿದುಕೊಂಡು ದಿನಾ ಅದನ್ನೇ ನೋಡುತ್ತಿದ್ದೆ. ಆ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನೆಲದಿಂದ ಕೆಂಪು ಮೊಳಕೆಗಳು ಎದ್ದವು. ನೋಡಲು ನಮ್ಮ ಮಲೆನಾಡಿನ ಕಳಲೆಯ ಹಾಗೆ. ಜೂನ್ ಹೊತ್ತಿಗೆ ಆಳಿಗಿಂತ ಎತ್ತರ. ಪೂರ್ತಿ ಬೆಳೆದರೆ ಮೂರು ಮೀಟರ್ ಮುಟ್ಟುತ್ತದೆ. ಒಂದು ದಿನ ಬಗ್ಗಿ ಅದರ ಬುಡ ನೋಡಿದೆ. ಹಗಲಲ್ಲೂ ಕತ್ತಲೆ. ಹಿಂದಿನ ವರ್ಷದ ಒಣಗಿದ ಕಡ್ಡಿ, ತರಗೆಲೆ ದಪ್ಪನೆ ಹಾಸಿಕೊಂಡಿತ್ತು. ಹಸಿರು ಎಂಬುದು ಒಂದು ಎಸಳೂ ಇಲ್ಲ. ಇಂಥ ಕಡೆ ವಿಷವೇ ಬೇಕಾ? ಬಿಸಿಲಿಲ್ಲದೆ ಯಾವ ಸಸಿ ತಾನೇ ಬದುಕೀತು?

ಹಾಗಂತ ರಾಸಾಯನಿಕದ ಮಾತು ಸುಳ್ಳಲ್ಲ. ಈ ಗಿಡದ ಬೇರುಗಡ್ಡೆಯಲ್ಲಿ ರೆಸ್ವೆರಾಟ್ರಾಲ್, ಎಮೋಡಿನ್, ಕ್ಯಾಟೆಚಿನ್ ಮುಂತಾದವು ಜಾಸ್ತಿ ಇವೆ. ರೆಸ್ವೆರಾಟ್ರಾಲ್ ಎಂದರೆ ದ್ರಾಕ್ಷಿ ಸಿಪ್ಪೆಯಲ್ಲಿರುವುದೇ. ಆರೋಗ್ಯಕ್ಕೆ ಒಳ್ಳೆಯದು ಅಂತ ಮಾತ್ರೆ ಮಾಡಿ ಮಾರುತ್ತಾರಲ್ಲ, ಅದಕ್ಕೆ ಈ ಕಳೆಯ ಬೇರಿನಿಂದಲೂ ತೆಗೆಯುತ್ತಾರೆ. ಕ್ಯಾಟೆಚಿನ್ ನಾವು ಕುಡಿಯುವ ಟೀಯಲ್ಲೂ ಇದೆ. ಆದ್ದರಿಂದ ‘ವಿಷ’ ಎಂಬ ಪದ ಬಳಸುವಾಗ ಯಾರಿಗೆ, ಎಷ್ಟಕ್ಕೆ ಎಂದು ಕೇಳಬೇಕು.

ಒಂದು ಗಿಡ ಬಿಡುವ ರಾಸಾಯನಿಕ ಪಕ್ಕದ ಗಿಡದ ಮೇಲೆ ಮಾಡುವ ಪರಿಣಾಮಕ್ಕೆ ‘ಅಲೆಲೋಪತಿ’ ಎಂದು ಹೆಸರು. 1937ರಲ್ಲಿ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ ಕೊಟ್ಟದ್ದು. ಅದಕ್ಕೂ ಮುಂಚೆಯೇ ಹುಣಸೆ ಮರದ ಕೆಳಗೆ ಏನೂ ಹುಟ್ಟಲ್ಲ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು, ಅಲ್ವಾ? ಇದನ್ನು ಪರೀಕ್ಷಿಸುವುದು ಮಾತ್ರ ಸುಲಭವಲ್ಲ. ಎಲೆ ಅರೆದು ರಸ ತೆಗೆದು, ತಟ್ಟೆಯಲ್ಲಿಟ್ಟ ಬೀಜದ ಮೇಲೆ ಸುರಿದರೆ ಬಹಳ ಗಿಡಗಳ ರಸಕ್ಕೆ ಮೊಳಕೆ ಕುಗ್ಗುತ್ತದೆ. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ನಾನೇ ಮಾಡಿಸಿದ್ದೇನೆ. ಅದರಿಂದ ಹೊಲದಲ್ಲೂ ಹಾಗೇ ಆಗುತ್ತದೆ ಅಂತ ಹೇಳಲಾಗದು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿವೆ. ಅವು ಇಂಥದ್ದನ್ನೆಲ್ಲ ತಿಂದು ಹಾಕುತ್ತವೆ.

ಇದಕ್ಕೆ ಯುರೋಪಿನ ಸಂಶೋಧಕರು ಹಿಡಿದ ದಾರಿ ನನಗೆ ತುಂಬ ಹಿಡಿಸಿತು. ಮಣ್ಣಿಗೆ ಸಕ್ರಿಯ ಇದ್ದಿಲು ಬೆರೆಸಿದರು, ನಮ್ಮ ನೀರಿನ ಫಿಲ್ಟರ್‌ನಲ್ಲಿ ಇರುತ್ತದಲ್ಲ, ಅದೇ. ಬೇರು ಬಿಡುವ ರಾಸಾಯನಿಕವನ್ನು ಇದ್ದಿಲು ಹೀರಿಕೊಳ್ಳುತ್ತದೆ. ಆಗಲೂ ಪಕ್ಕದ ಗಿಡ ಸೊರಗಿದರೆ ಕಾರಣ ಬೇರೆ. ಚೇತರಿಸಿಕೊಂಡರೆ ರಾಸಾಯನಿಕದ್ದೂ ಕೈವಾಡ ಇದೆ ಎಂದಾಯಿತು. 2011ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನಾಟ್‌ವೀಡ್ ಪಕ್ಕದ ಸ್ಥಳೀಯ ಗಿಡಗಳು ಇದ್ದಿಲು ಹಾಕಿದ ಮೇಲೆ ಸುಧಾರಿಸಿಕೊಂಡವು. ಇನ್ನೊಂದು ಸಂಗತಿ ಇನ್ನೂ ಮುಖ್ಯ. ನಾಟ್‌ವೀಡ್‌ನ ಚಿಗುರನ್ನು ಮತ್ತೆ ಮತ್ತೆ ಕತ್ತರಿಸಿದಾಗ ಆ ರಾಸಾಯನಿಕ ಪರಿಣಾಮ ಅಡಗಿತು. ಇದಕ್ಕೆ ನಾಲ್ಕು ವರ್ಷ ಮುಂಚೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಮುಖ್ಯ ಕಾರಣ ನೆರಳೇ ಎಂದಿತ್ತು. ಎರಡೂ ಕಡೆ ಬಳಸಿದ್ದು ಜಪಾನಿನ ನಾಟ್‌ವೀಡ್ ಮತ್ತು ದೈತ್ಯ ನಾಟ್‌ವೀಡ್ ಕೂಡಿ ಹುಟ್ಟಿದ ಮಿಶ್ರತಳಿ. ಒಂದೇ ಗಿಡ, ಎರಡು ಉತ್ತರ. ಪಕ್ಕದಲ್ಲಿ ಯಾವ ಗಿಡ ಇದೆ, ಮಣ್ಣು ಎಂಥದ್ದು ಎನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ.

ಫ್ರಾನ್ಸಿನವರು ಕಂಡದ್ದಂತೂ ಬೇರೆಯೇ ಚಾಲಾಕಿ. ಮಣ್ಣಿನ ಕೆಲವು ಬ್ಯಾಕ್ಟೀರಿಯಾ ಗಿಡಕ್ಕೆ ಗೊಬ್ಬರವಾದ ನೈಟ್ರೇಟನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಈ ಗಿಡದ ಬೇರಿನಲ್ಲಿರುವ ಪ್ರೊಸಯನಿಡಿನ್ ಎಂಬ ವಸ್ತು ಆ ಕೆಲಸಕ್ಕೆ ತಡೆ ಹಾಕುತ್ತದೆ. ಗೊಬ್ಬರ ಗಾಳಿಗೆ ಹೋಗದೆ ಮಣ್ಣಲ್ಲೇ ಉಳಿಯುತ್ತದೆ. ಇದು ನೆರೆಯವರಿಗೆ ವಿಷ ಹಾಕುವುದಲ್ಲ, ತನ್ನ ಉಗ್ರಾಣಕ್ಕೆ ಬೀಗ ಹಾಕುವುದು.

ಇಷ್ಟೆಲ್ಲ ಕೊರೆಯಲು ಕಾರಣ ಇದೆ. ಮಗಳ ಪಕ್ಕದ ಮನೆಯ ತಾತ ‘ಮಣ್ಣೇ ವಿಷ ಆಗಿದೆ’ ಎಂದು ನಂಬಿ, ಮೇಲ್ಮಣ್ಣು ತೆಗೆದು ಬೇರೆ ಕಡೆ ಸುರಿಯಲು ಹೊರಟಿದ್ದರು. ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ಈ ಗಿಡ ಶುಂಠಿ ಥರ ಗಡ್ಡೆಯಿಂದ ಹಬ್ಬುತ್ತದೆ. ಒಂದು ಗ್ರಾಂ ಕೂಡ ಇಲ್ಲದ ಚೂರು ಸಾಕು, ಹೊಸ ಗಿಡ ಏಳುತ್ತದೆ. ಬ್ರಿಟನ್ನಿನಲ್ಲಿರುವ ಜಪಾನಿನ ನಾಟ್‌ವೀಡ್ ಎಲ್ಲ ಹೆಣ್ಣು ಗಿಡ. ಬೀಜದ ಹಂಗಿಲ್ಲದೆ ಇಡೀ ದೇಶ ಹಬ್ಬಿದೆ. ಸೀಬೋಲ್ಡ್ ಎಂಬಾತ ಜಪಾನಿನಿಂದ ತಂದು, 1850ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಅಂದದ ಗಿಡ ಅಂತ ಕಳಿಸಿದ್ದು ಇದನ್ನೇ. ಈಗ ಕಾಡುಮೇಡಿನಲ್ಲಿ ನೆಟ್ಟರೆ ಅಥವಾ ಬೆಳೆಯುವಂತೆ ಮಾಡಿದರೆ ಅಪರಾಧ. 1981ರ ಕಾನೂನು ಇದೆ. ಈ ಗಿಡದ ಚೂರು ಬೆರೆತ ಮಣ್ಣನ್ನು ಸಿಕ್ಕಲ್ಲಿ ಸುರಿಯುವಂತಿಲ್ಲ. ಆ ತಾತನಿಗೆ ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ: ಮಣ್ಣು ಮುಟ್ಟಬೇಡಿ. ಚಿಗುರು ಕತ್ತರಿಸಿ, ಕತ್ತರಿಸಿದ ಚೂರು ಎಲ್ಲೂ ಚೆಲ್ಲದ ಹಾಗೆ ನೋಡಿಕೊಳ್ಳಿ. ಪೂರ್ತಿ ಸಾಯುವುದಿಲ್ಲ. ಸ್ವಾನ್ಸಿ ವಿಶ್ವವಿದ್ಯಾಲಯದವರು ಮೂರು ವರ್ಷ ನಾನಾ ಕಳೆನಾಶಕ ಪ್ರಯೋಗಿಸಿದರೂ ಬೇರುಸಹಿತ ನಿರ್ಮೂಲ ಆಗಲಿಲ್ಲ.

ಕೊನೆಗೊಂದು ತಕರಾರು, ಪ್ರೀತಿಯಿಂದಲೇ. ವಿದೇಶದ ಕಳೆಗೆ ಅರ್ಧ ಪುಟ ಕೊಟ್ಟಿರಿ. ಇದೇ ವಿಷಯದಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಕಂಚನ್ ಮತ್ತು ಜಯಚಂದ್ರ ಅವರು 1980ರ ಸುಮಾರಿಗೆ ಮಾಡಿದ ಕೆಲಸಕ್ಕೆ ಒಂದು ಸಾಲೂ ಇಲ್ಲ. ನಮ್ಮ ಕಾಂಗ್ರೆಸ್ ಗಿಡದ ಬೇರು, ಎಲೆ ಬಿಡುವ ರಾಸಾಯನಿಕಗಳು ಬೆಳೆಯನ್ನು ಕುಗ್ಗಿಸುತ್ತವೆ ಎಂದು ಅವರು ತೋರಿಸಿದರು. ಅಷ್ಟೇ ಅಲ್ಲ. ಅದರ ಪರಾಗ ಗಾಳಿಯಲ್ಲಿ ಬಂದು ಟೊಮೆಟೊ, ಬದನೆ ಹೂವಿನ ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ ತುದಿ) ಮೇಲೆ ಕೂತರೆ ಕಾಯಿ ಕಟ್ಟುವುದೇ ಕಡಿಮೆಯಾಗುತ್ತದೆ ಎಂದೂ ಕಂಡುಕೊಂಡರು. ಬೇಲಿ ಬದಿಯ ಕಳೆ ಹೊಲದೊಳಗಿನ ಹೂವಿಗೆ ಗಾಳಿಯಲ್ಲೇ ಅಡ್ಡಗಾಲು ಹಾಕುವುದು! ನಾಟ್‌ವೀಡ್ ನೋಡದ ನಮ್ಮ ರೈತರಿಗೆ ಇದು ಗೊತ್ತಾಗಬೇಕಲ್ಲವೇ? ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೀಳಬೇಕು ಎನ್ನಲು ಇನ್ನೊಂದು ಕಾರಣ ಸಿಗುತ್ತದೆ. ಮುಂಗಾರು ಶುರುವಾಗುವ ಮೊದಲು ಒಂದು ಲೇಖನ ಹಾಕಿಸಿ.

ಅಂದ ಹಾಗೆ, ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಇದ್ದದ್ದು ನಾಟ್‌ವೀಡ್ ಅಲ್ಲ, ಬಿದಿರು.

– ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ದಾವಣಗೆರೆ