ಹಳೇ ಬೈಕಿನ ಹುಚ್ಚು ಸರಿ, ಅಂಗಡಿ ಲೆಕ್ಕಾನೇ ಬೇರೆ

ಸಂಪಾದಕರೇ, ಹಳೇ ಬೈಕು ರೆಡಿ ಮಾಡೋ ಹವ್ಯಾಸಾನೇ ಬಿಸಿನೆಸ್ ಮಾಡ್ಕೊಳ್ಳಿ ಅಂತ ನಿಮ್ಮ ಪುರವಣೀಲಿ ಓದ್ದೆ, ಖುಷಿ ಆಯ್ತು, ಆದ್ರೆ ಅಷ್ಟು ಸಲೀಸಲ್ಲ ಸ್ವಾಮಿ. ನಂದೇ ಒಂದು ಹಳೇ ಜಾವಾ ಬೈಕ್ ಇದೆ, ಸ್ಟಾರ್ಟ್ ಮಾಡೋ ಕಿಕ್ಕರ್ರೇ ಗೇರ್ ಲಿವರ್ ಆಗೋ ಗಾಡಿ, ಮೂರು ವರ್ಷ ಭಾನುವಾರ ಭಾನುವಾರ ಕೂತು ಬಿಚ್ಚಿ ಜೋಡಿಸ್ದೆ, ಯಾವಾಗ ಮುಗಿಯುತ್ತೆ ಅಂತ ಕೇಳೋರೇ ಇರ್ಲಿಲ್ಲ. ಗಿರಾಕಿ ಗಾಡಿ ಹಂಗಲ್ಲ. ಮೊದಲ್ನೇದ್ರಲ್ಲೇ ಟ್ಯಾಂಕ್ ಒಳಗಿನ ತುಕ್ಕು ಪೂರ್ತಿ ತೆಗೀದೆ ಹೊರಗೆ ಪೇಂಟ್ ಹೊಡ್ದುಬಿಟ್ಟೆ, ವಾರದಲ್ಲೇ ಇಂಜಿನ್‌ಗೆ ಪೆಟ್ರೋಲ್ ಬಿಡೋ ಕಾರ್ಬ್ಯುರೇಟರ್ ಸಣ್ಣ ತೂತು, ಅಂದ್ರೆ ಜೆಟ್, ಅದ್ರ ತುಂಬಾ ಕೆಂಪು ಪುಡಿ, ಗಾಡಿ ನಿಂತು ನಿಂತು ಹೋಗ್ತಿತ್ತು, ಎಲ್ಲಾ ಮತ್ತೆ ಬಿಟ್ಟಿ ಮಾಡ್ಕೊಟ್ಟೆ. ಪಾರ್ಟ್ಸ್ ಖರ್ಚು ಎಲ್ರೂ ಬರ್ಕೋತಾರೆ, ಮುರಿದ ಬೋಲ್ಟ್ ಡ್ರಿಲ್ ಹಾಕಿ ತೆಗೆಯೋ ಅರ್ಧ ದಿನ ಯಾರೂ ಬರ್ಕೊಳ್ಳಲ್ಲ, ನಷ್ಟ ಆಗೋದು ಅಲ್ಲೇ. ಬಿಚ್ಚೋ ಮುಂಚೆ ಫೋಟೋ ತೆಗ್ದು, ಅಡ್ವಾನ್ಸ್ ಇಸ್ಕೊಂಡು, ಏನೇನು ಕೆಲ್ಸ ಅಂತ ಬರೆದು ಸೈನ್ ಹಾಕಿಸ್ಕೊಳ್ಳಿ ಅಂತಾನೂ ಮುಂದಿನ ಸಲ ಹಾಕಿ.

– ಒಬ್ಬ ಓದುಗ